ಮನಸ್ಸಿನ ಮದ್ದು ಜುಟ್ಟಿನ ಮಲ್ಲಿಗೆಯಲ್ಲ

ಯುದ್ಧದಲ್ಲಿ ನೊಂದ ನಾಡಿನ ತರುಣರಿಗೆ ಏನು ಮಾಡಬೇಕೆಂದು ಕೇಳಿದರೆ ಲೋಕಾನುಭವಿಗಳ ಬಾಯಲ್ಲಿ ಉತ್ತರ ಸಿದ್ಧವಾಗಿಯೆ ಇರುತ್ತದೆ: ಕೆಲಸ ಕೊಡಿ, ಉಳಿದದ್ದು ತಾನಾಗಿ ಸರಿಹೋಗುತ್ತದೆ. ಮನಸ್ಸಿನ ಚಿಕಿತ್ಸೆಯ ಮಾತೆತ್ತಿದವನಿಗೆ ‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು’ ಎಂಬ ಗಾದೆಯ ಪೆಟ್ಟು ಬೀಳುತ್ತದೆ. ಗಾದೆಯೇನೋ ಒಳ್ಳೆಯದೆ, ಪೆಟ್ಟು ಬಿದ್ದ ಜಾಗ ಮಾತ್ರ ತಪ್ಪು.

ಪಶ್ಚಿಮ ಆಫ್ರಿಕದ ಎರಡು ನಾಡುಗಳನ್ನು ನೋಡಿ. ಸಿಯೆರಾ ಲಿಯೋನಿನಲ್ಲಿ 1991ರಿಂದ 2002ರವರೆಗೆ, ಪಕ್ಕದ ಲೈಬೀರಿಯದಲ್ಲಿ ನಡುನಡುವೆ ಕೊಂಚ ಬಿಡುವು ಕೊಟ್ಟು 1989ರಿಂದ 2003ರವರೆಗೆ ಅಂತರ್ಯುದ್ಧ ನಡೆಯಿತು. ಮೀಸೆ ಮೂಡದ ಹುಡುಗರ ಕೈಗೆ ಕೋವಿ ಕೊಟ್ಟರು. ಮಾದಕ ವಸ್ತು ತಿನ್ನಿಸಿದರು. ತಮ್ಮ ಊರಿನವರ ಮೇಲೆಯೆ ಕೈಮಾಡಿಸಿದರು. ಹೆಣ್ಣುಮಕ್ಕಳನ್ನು ಹೊತ್ತೊಯ್ದರು. ಕದನ ನಿಂತ ಮೇಲೆ ಸಿಯೆರಾ ಲಿಯೋನಿನಲ್ಲಿ 70 ಸಾವಿರಕ್ಕೂ ಮಿಕ್ಕಿ, ಲೈಬೀರಿಯದಲ್ಲಿ ಸುಮಾರು ಒಂದು ಲಕ್ಷ ಮಂದಿ ಕಾದಾಳುಗಳೆಂದು ಹೆಸರು ಬರೆಸಿದರು. ಹಲವರಿಗೆ ಬಡಗಿಯ ಕೆಲಸ, ಹೊಲಿಗೆ, ಗಾರೆ ಕೆಲಸಗಳಲ್ಲಿ ಕೆಲವು ತಿಂಗಳ ಶಿಕ್ಷಣ ದೊರೆಯಿತು. ಜೊತೆಗೊಂದು ಹತಾರದ ಪೆಟ್ಟಿಗೆ. ಅಲ್ಲಿಗೆ ಪುನರ್ವಸತಿ ಮುಗಿಯಿತು!

ಆ ಪೆಟ್ಟಿಗೆಗಳನ್ನು ಮಾರಿಕೊಂಡವರುಂಟು. ಕೊಳ್ಳುವವರಿಲ್ಲದ ಪೇಟೆಯೂ ಅದಕ್ಕೆ ಕಾರಣ, ನಿಜ. ಆದರೆ ರಾತ್ರಿ ನಿದ್ದೆ ಬಾರದವನು, ಮಾತಿಗೆ ಮೊದಲು ಕೈ ಎತ್ತುವವನು, ನಾಳೆ ಎಂಬುದೊಂದಿದೆಯೆಂದು ನಂಬದವನು, ಪೇಟೆ ಎಷ್ಟೇ ಚೆನ್ನಾಗಿದ್ದರೂ ಎಷ್ಟು ದಿನ ಅಂಗಡಿ ನಡೆಸಿಯಾನು?

ಇದು ಬರಿಯ ತರ್ಕವಲ್ಲ. ಲೈಬೀರಿಯದ ರಾಜಧಾನಿ ಮನ್ರೋವಿಯದಲ್ಲಿ ಕ್ರಿಸ್ಟೋಫರ್ ಬ್ಲಾಟ್‌ಮನ್ ಮತ್ತು ಸಂಗಡಿಗರು ಇದನ್ನು ಒರೆಗೆ ಹಚ್ಚಿ 2017ರಲ್ಲಿ ಫಲವನ್ನು ಪ್ರಕಟಿಸಿದರು. ಕಳ್ಳತನ, ಹೊಡೆದಾಟಗಳ ದಾರಿ ಹಿಡಿದಿದ್ದ 999 ಗಂಡಸರು. ಅವರಲ್ಲಿ ಹಲವರು ಹಳೆಯ ಕಾದಾಳುಗಳು. ಚೀಟಿ ಎತ್ತಿ ನಾಲ್ಕು ಗುಂಪು ಮಾಡಿದರು. ಒಂದಕ್ಕೆ ಎಂಟು ವಾರಗಳ ಮನೋಚಿಕಿತ್ಸೆ, ಇನ್ನೊಂದಕ್ಕೆ ತಲೆಗೆ 200 ಡಾಲರ್ ಹಣ, ಮೂರನೆಯದಕ್ಕೆ ಎರಡೂ, ನಾಲ್ಕನೆಯದಕ್ಕೆ ಏನೂ ಇಲ್ಲ. ಬರಿಯ ಹಣ ಪಡೆದವರ ಸಂಪಾದನೆ ಕೆಲದಿನ ಏರಿ ಮತ್ತೆ ಇಳಿಯಿತು. ಬರಿಯ ಚಿಕಿತ್ಸೆಯ ಗುಣ ಒಂದು ವರ್ಷದಲ್ಲಿ ಬಹುಮಟ್ಟಿಗೆ ಮಾಸಿತು. ಎರಡನ್ನೂ ಪಡೆದವರಲ್ಲಿ ಮಾತ್ರ ಗಟ್ಟಿಯಾಗಿ ನಿಂತಿತು. ಹತ್ತು ವರ್ಷಗಳ ಮೇಲೆ ಹುಡುಕಿಕೊಂಡು ಹೋದಾಗಲೂ ಆ ಗುಂಪಿನಲ್ಲಿ ಇಂಥ ದುಷ್ಕೃತ್ಯಗಳು, ಏನೂ ಪಡೆಯದವರಿಗೆ ಹೋಲಿಸಿದರೆ, ಸುಮಾರು ಅರ್ಧಕ್ಕೆ ಇಳಿದಿದ್ದವು.

ಇಲ್ಲೊಂದು ಸೂಕ್ಷ್ಮವಿದೆ. ಎರಡನ್ನೂ ಪಡೆದವರ ಹಣವೂ ಬೇಗನೆ ಕರಗಿತ್ತು. ಎಂದಮೇಲೆ ಅವರನ್ನು ಉಳಿಸಿದ್ದು ಸಂಪತ್ತಲ್ಲ. ಹೊಸ ಬಾಳನ್ನು ರೂಢಿಮಾಡಿಕೊಳ್ಳಲು ಆ ಹಣ ಕೆಲವು ತಿಂಗಳ ಅವಕಾಶ ಕೊಟ್ಟಿತೆಂದು ಸಂಶೋಧಕರ ಊಹೆ. ಚಿಕಿತ್ಸೆಯೂ ಮಂಚದ ಮೇಲೆ ಮಲಗಿ ಬಾಲ್ಯವನ್ನು ನೆನೆಯುವ ವೈಭೋಗವಲ್ಲ. ಸಿಟ್ಟನ್ನು ತಡೆದುಕೊಳ್ಳುವುದು, ಕ್ಷೌರ ಮಾಡಿಸಿ ಮಡಿಬಟ್ಟೆ ಉಟ್ಟು ಬ್ಯಾಂಕಿಗೆ ಅಂಗಡಿಗೆ ಹೋಗಿ ಬರುವುದು, ನಾಳೆಯ ಯೋಚನೆ ಮಾಡುವುದು, ಇಷ್ಟೆ. ಕಲಿಸಿದವರು ದೊಡ್ಡ ವೈದ್ಯರೂ ಅಲ್ಲ. ಆ ನಾಡಿನವರೆ, ಕೆಲವರು ತಾವೂ ಹಿಂದೆ ಅದೇ ದಾರಿಯಲ್ಲಿದ್ದವರು. ಎಲ್ಲ ಸೇರಿ ಒಬ್ಬನಿಗೆ ತಗುಲಿದ್ದು ಸುಮಾರು 530 ಡಾಲರ್.

ಸಿಯೆರಾ ಲಿಯೋನಿನಲ್ಲಿ ಥೆರೆಸಾ ಬೆಟಾನ್‌ಕೋರ್ಟ್ ಮತ್ತು ಸಂಗಡಿಗರು 436 ತರುಣ ತರುಣಿಯರ ನಡುವೆ ನಡೆಸಿ 2014ರಲ್ಲಿ ಪ್ರಕಟಿಸಿದ ಪರೀಕ್ಷೆಯೂ ಇದನ್ನೆ ಹೇಳುತ್ತದೆ. ಮನಸ್ಸನ್ನು ಹಿಡಿತಕ್ಕೆ ತಂದುಕೊಳ್ಳುವ ಪಾಠ ಕಲಿತವರು ಮುಂದೆ ಶಾಲೆಯಲ್ಲಿಯೂ ಹೆಚ್ಚಾಗಿ ನಿಂತರು.

ಹೀಗಿದ್ದೂ ಹಣ ಕೊಡುವವರಿಗೆ ಪೆಟ್ಟಿಗೆಯ ಮೇಲೆಯೆ ಪ್ರೀತಿಯೇಕೆ? ಪೆಟ್ಟಿಗೆಯನ್ನು ಎಣಿಸಬಹುದು, ಹಂಚುವಾಗ ಭಾವಚಿತ್ರ ತೆಗೆಸಬಹುದು. ನುಂಗಿಕೊಂಡ ಸಿಟ್ಟಿನ ಭಾವಚಿತ್ರ ತೆಗೆಯುವ ಯಂತ್ರ ಇನ್ನೂ ಬಂದಿಲ್ಲ. ಕೈ ಒಂದು ಇಲಾಖೆಗೆ, ಮನಸ್ಸು ಇನ್ನೊಂದು ಇಲಾಖೆಗೆ ಎಂದು ಪಾಲು ಹಂಚಿಕೊಂಡ ಮೇಲೆ ಇಡೀ ಮನುಷ್ಯ ಯಾರ ಪಾಲು?

ಭಾರತವನ್ನು ಓದಿದ ನಮಗೆ ಇದು ಹೊಸತಾಗಬಾರದು. ಕುರುಕ್ಷೇತ್ರದ ಯುದ್ಧ ಹದಿನೆಂಟು ದಿನಕ್ಕೆ ಮುಗಿಯಿತು. ಅಶ್ವತ್ಥಾಮನ ಯುದ್ಧ ಮುಗಿಯಲಿಲ್ಲ. ಮಲಗಿದ್ದವರನ್ನು ಕೊಂದು, ಆಮೇಲೆ ಆರದ ಗಾಯ ಹೊತ್ತು ಅಲೆದ. ಅವನಿಗೊಂದು ಉದ್ಯೋಗ ಕೊಟ್ಟಿದ್ದರೆ ಎಲ್ಲ ಸರಿಹೋಗುತ್ತಿತ್ತೆನ್ನುವ ಧೈರ್ಯ ಯಾರಿಗಿದೆ?

ಕೆಲಸ ಬೇಡವೆಂದು ನಾನು ವಾದಿಸುತ್ತಿಲ್ಲ. ಹೊಟ್ಟೆಗಿಲ್ಲದವನಿಗೆ ಬರಿಯ ಸಮಾಧಾನ ಹೇಳುವ ವೈದ್ಯನೂ ಅರ್ಧ ಕೆಲಸ ಮಾಡಿದವನೆ. ಎರಡೂ ಒಂದೇ ಸೂರಿನಡಿ, ಒಂದೇ ಲೆಕ್ಕದ ಪುಸ್ತಕದಲ್ಲಿ, ಒಂದರ ಬೆನ್ನಿಗೆ ಒಂದು ಬರಬೇಕು. ಇಂದು ಮದ್ದು, ಎರಡು ವರ್ಷದ ಮೇಲೆ ಕೆಲಸ ಎಂದರೆ ಎರಡೂ ಮಣ್ಣುಪಾಲು. ಕೋವಿಯನ್ನು ಕೈಯಿಂದ ಬಿಡಿಸಲು ಒಂದು ದಿನ ಸಾಕು. ತಲೆಯಿಂದ ಬಿಡಿಸಲು ಕಾಲ ಬೇಕು, ಜನ ಬೇಕು, ಹಣ ಬೇಕು. ಅಷ್ಟನ್ನು ಕೊಡಲು ಮನಸ್ಸಿಲ್ಲದವರು ಪುನರ್ವಸತಿ ಎಂಬ ಮಾತನ್ನಾದರೂ ಬಿಡಲಿ.