ಪಡುವಣ ಕಿಟಕಿಯ ಕದ

ಬೆಂಗಳೂರಿನವರಿಗೆ ಸೆಕೆಯ ಮಾತು ಒಂದು ಕಾಲಕ್ಕೆ ನಗೆಯ ಮಾತಾಗಿತ್ತು. ಬಳ್ಳಾರಿಯಿಂದ ಬಂದ ನೆಂಟರು “ನಿಮ್ಮದೂ ಒಂದು ಬೇಸಗೆಯೆ?” ಎಂದು ಕೇಳಿದರೆ ನಾವು ಹೆಮ್ಮೆಯಿಂದಲೇ ಒಪ್ಪಿಕೊಂಡು, ರಾತ್ರಿಗೆ ಅವರಿಗೊಂದು ಹೊದಿಕೆಯನ್ನು ತೆಗೆದುಕೊಡುತ್ತಿದ್ದೆವು. ಈಗ ಆ ಹೆಮ್ಮೆ ಉಳಿದಿಲ್ಲ. ೨೦೧೬ರ ಏಪ್ರಿಲ್ ತಿಂಗಳಲ್ಲಿ ನಗರದ ಉಷ್ಣತೆ ೩೯.೨ ಡಿಗ್ರಿ ಸೆಲ್ಸಿಯಸ್‌ಗೆ ಏರಿತು. ೧೯೩೧ರಿಂದ ನಿಂತಿದ್ದ ೩೮.೯ರ ದಾಖಲೆ ಅಂದು ಮುರಿಯಿತು. ಕಲಬುರಗಿ, ರಾಯಚೂರುಗಳ ಜನರಿಗೆ ಈ ಅಂಕೆಗಳು ದೊಡ್ಡವಲ್ಲ. ನಲವತ್ತನ್ನು ದಾಟುವುದು ಅವರಿಗೆ ವರ್ಷವರ್ಷದ ಪಾಡು. ಆದರೆ ಅಲ್ಲಿಯ ಹಳೆಯ ಮನೆಗಳು ಬೇಸಗೆಯನ್ನು ಬಲ್ಲವರು ಕಟ್ಟಿದ ಮನೆಗಳು. ನಮ್ಮ ಹೊಸ ಮನೆಗಳೋ, ವರ್ಷದಲ್ಲಿ ಹನ್ನೆರಡು ತಿಂಗಳೂ ಮಾರ್ಗಶಿರವೇ ಇರುತ್ತದೆಂದು ನಂಬಿ ಕಟ್ಟಿದವು.

ಮನೆಯೊಳಗೆ ಸೆಕೆಯೆನಿಸಿದಾಗ ನಮ್ಮ ಕಣ್ಣು ಮೊದಲು ಮೇಲೆ ತಿರುಗುವ ಫ್ಯಾನಿನತ್ತ ಹೋಗುತ್ತದೆ. ಆಮೇಲೆ ಅಂಗಡಿಯತ್ತ, ಏರ್ ಕಂಡೀಷನರಿನ ಬೆಲೆ ಕೇಳಲು. ಕಿಟಕಿಯತ್ತ ಹೋಗುವುದೇ ಇಲ್ಲ. ಬೇಗೆಯು ಒಳಗೆ ಬಂದುದು ಎಲ್ಲಿಂದ ಎಂದು ಕೇಳಿಕೊಂಡರೆ ಮೊದಲು ನೋಡಬೇಕಾದುದೇ ಅದನ್ನು.

ಗಾಜಿಗೊಂದು ವಿಚಿತ್ರ ಗುಣವುಂಟು. ಸೂರ್ಯನ ಬೆಳಕನ್ನು ಅದು ಧಾರಾಳವಾಗಿ ಒಳಗೆ ಬಿಡುತ್ತದೆ. ಆ ಬೆಳಕು ನೆಲ, ಗೋಡೆ, ಹಾಸಿಗೆಗಳ ಮೇಲೆ ಬಿದ್ದು ಅವುಗಳನ್ನು ಕಾಯಿಸುತ್ತದೆ. ಕಾದ ವಸ್ತುಗಳು ತಾವೂ ಶಾಖವನ್ನು ಹೊರಸೂಸುತ್ತವೆ. ಆದರೆ ಅದು ಕಣ್ಣಿಗೆ ಕಾಣದ, ದೀರ್ಘ ಅಲೆಗಳ ಶಾಖ. ಅದನ್ನು ಗಾಜು ಹೊರಗೆ ಬಿಡದು. ಬರುವವರಿಗೆ ಬಾಗಿಲು ತೆರೆದು, ಹೋಗುವವರಿಗೆ ಅಗುಳಿ ಹಾಕಿದಂತೆ! ಇದರ ಪ್ರಮಾಣವನ್ನು ಗೃಹಿಣಿಯರಿಗೆ ತಿಳಿಯುವ ಲೆಕ್ಕದಲ್ಲಿಯೇ ಹೇಳಬಹುದು. ಮೋಡವಿಲ್ಲದ ಏಪ್ರಿಲ್ ದಿನದಲ್ಲಿ ಸಂಜೆ ನಾಲ್ಕರ ಹೊತ್ತಿಗೆ ಪಡುವಣ ಗೋಡೆಯ ಒಂದೊಂದು ಚದರ ಮೀಟರಿನ ಮೇಲೂ ಸುಮಾರು ೬೦೦ ವಾಟ್‌ನಷ್ಟು ಬಿಸಿಲು ಬೀಳುತ್ತದೆ. ನಾಲ್ಕಡಿ ಅಗಲ, ನಾಲ್ಕಡಿ ಎತ್ತರದ ಕಿಟಕಿಯೆಂದರೆ ಹೆಚ್ಚುಕಡಮೆ ಒಂದೂವರೆ ಚದರ ಮೀಟರು. ಸಾದಾ ಗಾಜು ಐದರಲ್ಲಿ ನಾಲ್ಕು ಪಾಲನ್ನು ಒಳಗೆ ಬಿಟ್ಟರೂ ೭೦೦ ವಾಟ್ ಆಯಿತು. ಮಲಗುವ ಕೋಣೆಯಲ್ಲಿ ಹಗುರವಾದೊಂದು ಇಸ್ತ್ರಿ ಪೆಟ್ಟಿಗೆಯನ್ನು ಹಚ್ಚಿ, ಸಂಜೆಯವರೆಗೆ ಆರಿಸದೆ ಮರೆತು ಹೋದಂತೆ.

“ನಮ್ಮ ಮನೆಯಲ್ಲಿ ದಪ್ಪನೆಯ ಪರದೆಯಿದೆಯಲ್ಲ!” ಎನ್ನಬಹುದು. ಪರದೆಯಿಂದ ಉಪಯೋಗವಿಲ್ಲವೆಂದಲ್ಲ; ಬಿಳಿಯದಾಗಿದ್ದರೆ ಒಂದಿಷ್ಟು ಬೆಳಕನ್ನಾದರೂ ಹಿಂದಕ್ಕೆ ಕಳುಹಿಸುತ್ತದೆ. ಆದರೆ ಅದು ಇರುವುದು ಗಾಜಿನ ಒಳಗೆ. ಬಿಸಿಲು ಹೊಸಿಲು ದಾಟಿ ಬಂದಾಯಿತು. ಪರದೆ ಕಾಯುತ್ತದೆ, ಕಾದ ಪರದೆ ಕೋಣೆಯನ್ನು ಕಾಯಿಸುತ್ತದೆ. ಕದದ ರೀತಿಯೇ ಬೇರೆ. ಗಾಜಿನ ಹೊರಗಿರುವ ಕದ ತಾನು ಕಾದರೂ ಆ ಕಾವನ್ನು ಹೊರಗಿನ ಗಾಳಿಗೇ ಒಪ್ಪಿಸುತ್ತದೆ. ಬಿಸಿಲನ್ನು ತಡೆಯಬೇಕಾದುದು ಹೊರಗೆ, ಒಳಗಲ್ಲ. ಬೇಸಗೆಯಲ್ಲಿ ಕಿಟಕಿಯ ಕದಕ್ಕಿರುವ ಮಹತ್ವವೆಲ್ಲ ಇಷ್ಟರಲ್ಲಿಯೇ ಇದೆ.

ಹಾಗಾದರೆ ಎಲ್ಲ ಕಿಟಕಿಗಳಿಗೂ ಕದ ಬೇಕೆ? ಬೇಡ. ಬೆಂಗಳೂರು ಇರುವುದು ಸುಮಾರು ೧೩ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ೨೪ರ ಸುಮಾರಿಗೆ ಇಲ್ಲಿ ನಡುಹಗಲಿನ ಸೂರ್ಯ ನೆತ್ತಿಯ ಮೇಲೆಯೇ ನಿಲ್ಲುತ್ತಾನೆ; ಕಲಬುರಗಿಯಲ್ಲಿ ಮೇ ತಿಂಗಳ ಎರಡನೆಯ ವಾರದಲ್ಲಿ. ಆ ಬಳಿಕ ಆಗಸ್ಟ್ ಬರುವವರೆಗೂ ನಡುಹಗಲಿನಲ್ಲಿ ಅವನು ನಮ್ಮ ಉತ್ತರಕ್ಕೆ ಸರಿದಿರುತ್ತಾನೆ. ಹೀಗಾಗಿ ಕಡುಬೇಸಗೆಯಲ್ಲಿ ತೆಂಕಣ ಕಿಟಕಿಗೆ ನೇರ ಬಿಸಿಲಿನ ಭಯ ಕಡಮೆ; ನೆತ್ತಿಯ ಬಿಸಿಲಿಗೆ ಒಂದೂವರೆ ಅಡಿಯ ಸಜ್ಜಾ ಸಾಕು. ತೊಂದರೆಯಿರುವುದು ಮೂಡಲ, ಪಡುವಲಗಳಲ್ಲಿ. ಅಲ್ಲಿ ಸೂರ್ಯ ತಗ್ಗಿ ಬರುತ್ತಾನೆ, ಸಜ್ಜಾದ ಕೆಳಗೆ ನುಸುಳಿ ಮಂಚದವರೆಗೂ ಬರುತ್ತಾನೆ. ಮೂಡಲ ಬಿಸಿಲು ಬರುವಾಗ ಮನೆಯಿನ್ನೂ ರಾತ್ರಿಯ ತಂಪಿನಲ್ಲಿರುತ್ತದೆ. ಪಡುವಣ ಬಿಸಿಲು ಬರುವುದು ಗೋಡೆ, ತಾರಸಿ, ಗಾಳಿ ಎಲ್ಲವೂ ಕಾದು ಸೋತ ಮೇಲೆ. ಮನೆಯಲ್ಲಿ ಒಂದೇ ಒಂದು ಕಿಟಕಿಗೆ ಕದ ಮಾಡಿಸುವಷ್ಟು ಹಣವಿದ್ದರೆ ಅದು ಪಡುವಣ ಕಿಟಕಿಗೇ ಸಲ್ಲಬೇಕು.

ನಮ್ಮ ಹಿರಿಯರು ಈ ಅಕ್ಷಾಂಶದ ಲೆಕ್ಕವನ್ನು ಹಾಕಿದ್ದರೋ ಇಲ್ಲವೋ, ಅವರ ಕಿಟಕಿಗಳನ್ನು ನೋಡಿದರೆ ಹಾಕಿದಂತೆಯೇ ತೋರುತ್ತದೆ. ಹಳೆಯ ಮನೆಗಳಲ್ಲಿ ಹೊರಗೆ ಕಬ್ಬಿಣದ ಸರಳು, ಒಳಗೆ ತೇಗದ ಅಥವಾ ಹಲಸಿನ ಮರದ ಕದ, ನಡುವೆ ಗಾಜೆಂಬುದಿಲ್ಲ. ಕದ ಒಳಗಿದ್ದರೂ ಗಾಜಿಲ್ಲವಾದ್ದರಿಂದ ಕಾವು ಸೆರೆಸಿಕ್ಕುವುದಿಲ್ಲ. ಮರವೂ ಶಾಖವನ್ನು ಸುಲಭವಾಗಿ ದಾಟಿಸುವ ವಸ್ತುವಲ್ಲ. ಎಷ್ಟೋ ಮನೆಗಳಲ್ಲಿ ಒಂದು ಕಿಟಕಿಗೆ ನಾಲ್ಕು ಕದಗಳು, ಕೆಳಗೆರಡು, ಮೇಲೆರಡು. ಮಧ್ಯಾಹ್ನ ಕೆಳಗಿನ ಜೋಡಿಯನ್ನು ಮುಚ್ಚಿದರೆ ಬೀದಿಯವರ ಕಣ್ಣೂ ನೆಲದ ಝಳವೂ ತಪ್ಪುತ್ತಿದ್ದುವು. ಮೇಲಿನ ಜೋಡಿಯಿಂದ ಬಿಸಿಗಾಳಿ ಹೊರಹೋಗುತ್ತಿತ್ತು. ೧೮೯೮ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಉಳಿದಿರುವ ಕೆಲವು ಬಂಗಲೆಗಳ ಕಿಟಕಿಗಳ ಮೇಲೆ ಮರದ ಪಟ್ಟಿಗಳ ಚೂಪಾದ ತೊಪ್ಪಿಗೆಯನ್ನು ಇನ್ನೂ ನೋಡಬಹುದು. ಜನ ಅದನ್ನು ‘ಮಂಕಿ ಟಾಪ್’ ಎನ್ನುತ್ತಾರೆ. ಅಂದಕ್ಕಾಗಿ ಮಾಡಿದುದೆಂದು ಈಗ ಹೊಸ ಹೊಟೆಲುಗಳು ಅದರ ನಕಲನ್ನು ಗೋಡೆಗೆ ಅಂಟಿಸುತ್ತಿವೆ. ಪಾಪ, ಹಿಂದೆ ಕಿಟಕಿಯೇ ಇಲ್ಲದ ಗೋಡೆಗೂ ಒಂದು ತೊಪ್ಪಿಗೆ!

ಅಡ್ಡಪಟ್ಟಿಗಳನ್ನು ಓರೆಯಾಗಿ ಕೂಡಿಸಿದ ಕದವನ್ನು ಪುದುಚೇರಿಯ ಫ್ರೆಂಚ್ ಬೀದಿಗಳಲ್ಲಿ ಕಂಡವರುಂಟು. ಅದಕ್ಕೆ ಫ್ರೆಂಚರ ಹೆಸರು ‘ಪೆರ್ಸಿಯೆನ್’. ಪರ್ಷಿಯದ್ದೆಂದು ಅದರ ಅರ್ಥ. ಬಿಸಿಲನ್ನು ತಡೆದು ಗಾಳಿಯನ್ನು ಬಿಡುವ ಈ ಕದ ಮಂಗಳೂರಿನಂಥ ಕರಾವಳಿಗೆ ಹೇಳಿಸಿದ್ದು. ಅಲ್ಲಿ ಗಾಳಿಯಲ್ಲಿಯೇ ನೀರಿನಂಶ ತುಂಬಿರುವುದರಿಂದ, ಕಿಟಕಿಯನ್ನು ಪೂರ್ತಿ ಮುಚ್ಚಿದರೆ ಬೆವರು ಆರದೆ ಜೀವ ಬೇಯುತ್ತದೆ. ಒಣಹವೆಯ ಬಳ್ಳಾರಿ, ವಿಜಯಪುರಗಳಲ್ಲಿ ಗಟ್ಟಿ ಕದವೇ ಲೇಸು. ಲಾವಂಚದ ತಟ್ಟಿಯನ್ನು ಕಟ್ಟಿ ನೀರು ಚಿಮುಕಿಸಿದರೆ ಇನ್ನೂ ಲೇಸು. ಅದೇ ತಟ್ಟಿಯನ್ನು ಮಂಗಳೂರಿಗೆ ಒಯ್ದರೆ ಪರಿಮಳ ಬಂದೀತು, ತಂಪು ಬಾರದು.

ಕದವಿದ್ದರೆ ಸಾಲದು, ಅದನ್ನು ಹೊತ್ತಿಗೆ ಸರಿಯಾಗಿ ಮುಚ್ಚಿ ತೆರೆಯುವ ಕೈಯೂ ಬೇಕು. ಬೆಳಗ್ಗೆ ಎಂಟರ ಹೊತ್ತಿಗೆ, ಹೊರಗಿನ ಗಾಳಿ ಇನ್ನೂ ತಂಪಾಗಿರುವಾಗಲೇ ಮುಚ್ಚಬೇಕು. ಕಚೇರಿಗೆ ಹೊರಡುವವರಿಗೆ ಅದೇ ಅನುಕೂಲದ ಹೊತ್ತು. ಹೊತ್ತು ಮುಳುಗಿ ಹೊರಗಿನ ಗಾಳಿ ಒಳಗಿನದಕ್ಕಿಂತ ತಣ್ಣಗಾದ ಮೇಲೆ ಎದುರುಬದುರಾಗಿ ಎಲ್ಲವನ್ನೂ ತೆರೆದು ರಾತ್ರಿಯೆಲ್ಲ ಹಾಗೆಯೇ ಬಿಡಬೇಕು. ಬೆಂಗಳೂರು, ಮೈಸೂರುಗಳ ಬೇಸಗೆಯ ರಾತ್ರಿ ಇನ್ನೂ ತಂಪಾಗಿದೆ. ಆ ಸಂಪತ್ತನ್ನು ಕಿಟಕಿ ಮುಚ್ಚಿ ಮಲಗಿ ಕಳೆದುಕೊಳ್ಳುವುದೇಕೆ? ಕಳ್ಳರಿಗೆ ಸರಳುಂಟು. ಸೊಳ್ಳೆಗಳಿಗೆ ಜಾಲರಿ ಬೇಕು. ದೀಪ ಹಚ್ಚುವ ಹೊತ್ತಿನಲ್ಲಿ ಲಕ್ಷ್ಮಿಯೂ ಸೊಳ್ಳೆಯೂ ಒಂದೇ ದಾರಿಯಲ್ಲಿ ಬರುತ್ತವೆಂಬುದು ಹಳೆಯ ಪೇಚು. ಜಾಲರಿ ಒಬ್ಬರನ್ನು ಮಾತ್ರ ತಡೆಯುವುದೆಂದು ನಂಬೋಣ.

ಇಷ್ಟೊಂದು ಹೇಳಲು ಕಾರಣವಿದೆ. ಮಧ್ಯಾಹ್ನದ ನಾಲ್ಕು ಗಂಟೆಗೆ ಮನೆಯಲ್ಲಿರುವವರು ಯಾರು? ದುಡಿಯುವವರು ಕಚೇರಿಯಲ್ಲಿ, ಎಷ್ಟೋ ಜನ ಏರ್ ಕಂಡೀಷನರಿನ ಕೆಳಗೆ. ಮನೆಯಲ್ಲಿ ಉಳಿಯುವವರು ಅಜ್ಜ, ಅಜ್ಜಿ, ಬಾಣಂತಿ, ಕೂಸು. ಇವರಿಗೆ ಕೊಡುವ ಕೋಣೆಯೂ ಅನೇಕ ವೇಳೆ ಹಿಂಬದಿಯ, ಪಡುವಣ ಕೋಣೆಯೇ. ವಯಸ್ಸಾದವರಿಗೆ ಬೆವರುವ ಶಕ್ತಿ ಕುಗ್ಗಿರುತ್ತದೆ, ಬಾಯಾರಿಕೆಯೂ ಸರಿಯಾಗಿ ತಿಳಿಯದು. “ನನಗೇನೂ ಸೆಕೆಯಿಲ್ಲಮ್ಮ” ಎನ್ನುವ ಅತ್ತೆಯವರ ಮಾತನ್ನು ಈ ಒಂದು ವಿಷಯದಲ್ಲಿ ನಂಬಬಾರದು. ಕದಕ್ಕೆ ಹೆಸರಾದ ಫ್ರಾನ್ಸಿನಲ್ಲಿಯೇ ೨೦೦೩ರ ಆಗಸ್ಟ್ ತಿಂಗಳ ಬಿಸಿಗಾಳಿಯಲ್ಲಿ ಸುಮಾರು ೧೫,೦೦೦ ಜನ ಸತ್ತರು. ಅವರಲ್ಲಿ ಬಹುಪಾಲು ಮುದುಕರು. ಕಾದ ಮಾಡಿನ ಕೆಳಗಿನ ಕೋಣೆಗಳಲ್ಲಿ ಒಂಟಿಯಾಗಿದ್ದವರು ಹಲವರು. ಫ್ಯಾನಿದ್ದರೆ ಸಾಕೆನ್ನುವಂತೆಯೂ ಇಲ್ಲ. ಕೋಣೆಯ ಉಷ್ಣತೆ ೪೦ ಡಿಗ್ರಿ ಮೀರಿದರೆ ಫ್ಯಾನಿನ ಗಾಳಿ ದೇಹವನ್ನು ತಣಿಸದೆ ಕಾಯಿಸುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ಹಗಲು ಬಿಸಿಲು ಬೀಳುವ ಕಿಟಕಿಗಳನ್ನು ಮರೆಮಾಡಿ ರಾತ್ರಿ ತೆರೆಯಿರೆಂಬುದೂ ಅದೇ ಸಂಸ್ಥೆಯ ಸಲಹೆ. ನಮ್ಮ ಅಜ್ಜಿಯರು ಇದನ್ನು ಯಾವ ಸಂಸ್ಥೆಯನ್ನೂ ಕೇಳದೆ ಮಾಡುತ್ತಿದ್ದರು.

ಬಾಡಿಗೆಯ ಮನೆಯವರ, ಅಪಾರ್ಟ್‌ಮೆಂಟಿನವರ ಕಷ್ಟ ಬೇರೆ. ಹೊರಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಮಾಲೀಕರ, ಸಂಘದ ಅಪ್ಪಣೆ ಬೇಕು. ಕಿಟಕಿಯೋ, ಅಲ್ಯುಮಿನಿಯಮ್ ಚೌಕಟ್ಟಿನಲ್ಲಿ ಅತ್ತಿತ್ತ ಜಾರುವ ಗಾಜು. ಎಷ್ಟು ಸರಿಸಿದರೂ ಅರ್ಧವೇ ತೆರೆಯುವುದು. ಅಂಥವರು ಬಾಲ್ಕನಿಯಿದ್ದರೆ ಅದರ ಹೊರ ಅಂಚಿಗೆ ಬಿದಿರಿನ ಪರದೆಯನ್ನು ಇಳಿಬಿಡಬಹುದು. ಅದು ಗಾಜಿನ ಹೊರಗಿರುವುದರಿಂದ ಕದದ ಕೆಲಸವನ್ನೇ ಬಹುಮಟ್ಟಿಗೆ ಮಾಡುತ್ತದೆ. ಬಾಲ್ಕನಿಯಿಲ್ಲದಿದ್ದರೆ ಒಳಗಿನ ಬಿಳಿಯ ಪರದೆಯನ್ನು ಗಾಜಿಗೆ ಆದಷ್ಟು ಹತ್ತಿರ ಕಟ್ಟಿ, ಅಜ್ಜಿಯ ಮಂಚವನ್ನು ಮೇ ತಿಂಗಳು ಮುಗಿಯುವವರೆಗಾದರೂ ಮೂಡಲ ಕೋಣೆಗೆ ಬದಲಾಯಿಸಿ. ಇದಕ್ಕೆ ಖರ್ಚಿಲ್ಲ, ಮೂಡಲ ಕೋಣೆಯ ಮಗರಾಯ ಒಂದಿಷ್ಟು ಗೊಣಗಬಹುದು.

ಹೊಸದಾಗಿ ಮನೆ ಕಟ್ಟಿಸುವವರು ಮಾತ್ರ ನಕ್ಷೆ ಕಾಗದದ ಮೇಲಿರುವಾಗಲೇ ಪಡುವಣ ಕಿಟಕಿಯ ವಿಚಾರವನ್ನು ಎತ್ತಬೇಕು. ಕದ ಹೊರಕ್ಕೆ ತೆರೆಯುವಂತಿರಲಿ. ಸರಳುಗಳ ನಡುವಿನಿಂದ ಕೈ ಚಾಚಿ ಎಳೆದುಕೊಳ್ಳುವಂತೆಯೂ ಇರಲಿ, ಇಲ್ಲವಾದರೆ ಒಂದು ವಾರ ಮುಚ್ಚಿ ಎರಡನೆಯ ವಾರ ಬೇಸರಪಡುತ್ತೀರಿ. ಹೊರಮೈಗೆ ತಿಳಿ ಬಣ್ಣ ಬಳಿಸಿ. ತೆರೆದಿಟ್ಟಾಗ ಗೋಡೆಗೆ ಸಿಕ್ಕಿಸಲು ಗಟ್ಟಿಯಾದೊಂದು ಕೊಂಡಿ ಇರಲೇಬೇಕೆಂದು ಬಡಗಿಗೆ ಎರಡು ಸಲ ಹೇಳಿ. ಏಪ್ರಿಲ್ ಕೊನೆಯಲ್ಲಿ ಗುಡುಗಿನೊಡನೆ ಬರುವ ಮಾವಿನ ಮಳೆಯ ಮುಂಗಾಳಿ ಕೊಂಡಿಯಿಲ್ಲದ ಕದವನ್ನು ಒಂದೇ ಏಟಿಗೆ ಕಿತ್ತುಹಾಕುತ್ತದೆ.