ಬೀದರ್ ಜಿಲ್ಲೆಯಲ್ಲಿ ಆರೋಗ್ಯ ಮಾಹಿತಿ ವಿಜ್ಞಾನದ ಶಿಕ್ಷಣ: ಮನವಿ ಪತ್ರ

ಇವರಿಗೆ,
ಕಾರ್ಯದರ್ಶಿಗಳು,
ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ಕಲಬುರಗಿ

ಸಲ್ಲಿಸುವವರು: ಬೀದರ್ ನಗರ, ಭಾಲ್ಕಿ ಮತ್ತು ಔರಾದ್‌ನ ಉಪನ್ಯಾಸಕರು, ಆರೋಗ್ಯ ಸಿಬ್ಬಂದಿ ಹಾಗೂ ನಾಗರಿಕರು

ವಿಷಯ: ಬೀದರ್ ವಿಶ್ವವಿದ್ಯಾಲಯ ಹಾಗೂ ಬೀದರ್ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ಬ್ರಿಮ್ಸ್) ಜಂಟಿಯಾಗಿ ಆರೋಗ್ಯ ಮಾಹಿತಿ ವಿಜ್ಞಾನದ ಕೋರ್ಸ್ ಆರಂಭಿಸಲು ಅನುದಾನ ಕೋರಿ.

ಮಾನ್ಯರೇ,

ರೋಗಿಯ ದಾಖಲೆಯನ್ನು ಸರಿಯಾಗಿ ಬರೆದಿಟ್ಟು, ಬೇಕಾದಾಗ ವೈದ್ಯರಿಗೆ ಸಿಗುವಂತೆ ಮಾಡಿ, ಅದರಿಂದ ಚಿಕಿತ್ಸೆಯನ್ನೂ ಆಡಳಿತವನ್ನೂ ಸುಧಾರಿಸುವ ವಿದ್ಯೆಯೇ ಆರೋಗ್ಯ ಮಾಹಿತಿ ವಿಜ್ಞಾನ. 2021ರ ಸೆಪ್ಟೆಂಬರಿನಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶದಾದ್ಯಂತ ಆರಂಭವಾಯಿತು; ವ್ಯಕ್ತಿಯ ಆರೋಗ್ಯ ದಾಖಲೆಗಳನ್ನು ಜೋಡಿಸುವ 14 ಅಂಕಿಗಳ ಆಭಾ ಸಂಖ್ಯೆ ಹಳ್ಳಿಗೂ ಬಂತು. ಅದನ್ನು ಬಳಸಬಲ್ಲ ಜನರನ್ನು ತಯಾರು ಮಾಡುವ ಕೆಲಸ ಮಾತ್ರ ಹಿಂದೆ ಬಿದ್ದಿದೆ.

ಔರಾದ್ ತಾಲ್ಲೂಕು ಮಹಾರಾಷ್ಟ್ರ, ತೆಲಂಗಾಣಗಳಿಗೆ ತಾಗಿದೆ. ಇಲ್ಲಿಯ ರೋಗಿಗಳು ಬೀದರಿಗಷ್ಟೇ ಅಲ್ಲ, ಉದಗೀರ್, ನಾಂದೇಡ್, ಹೈದರಾಬಾದಿಗೂ ಹೋಗುತ್ತಾರೆ. ಹೆರಿಗೆಗೆಂದು ಗಡಿಯಾಚೆಯಿಂದ ತವರಿಗೆ ಬಂದವಳ ತಪಾಸಣೆಯ ವಿವರ ಗಂಡನ ಊರಲ್ಲೇ ಉಳಿದರೆ, ಇಲ್ಲಿ ಮೊದಲಿನಿಂದ ಎಲ್ಲವನ್ನೂ ಕೇಳಬೇಕು. ಕನ್ನಡ, ಮರಾಠಿ, ಉರ್ದು ಬೆರೆತ ಊರುಗಳಲ್ಲಿ ಒಂದೇ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಮೂರು ಬಗೆಯಾಗಿ ದಾಖಲಾದರೆ ಕಂಪ್ಯೂಟರಿಗೆ ಅವರು ಮೂವರು. ಇದು ಹೊಸ ಕಂಪ್ಯೂಟರ್ ಖರೀದಿಯಿಂದ ಬಗೆಹರಿಯುವ ಸಮಸ್ಯೆಯಲ್ಲ; ಇದಕ್ಕೆ ತರಬೇತಿ ಪಡೆದ ಜನ ಬೇಕು.

ಬಡದೇಶಗಳ ವಿಶ್ವವಿದ್ಯಾಲಯಗಳು ಆರೋಗ್ಯ ಮಾಹಿತಿ ವಿಜ್ಞಾನದ ದಾರಿಯಲ್ಲಿ ಮೊದಲೇ ನಡೆದಿವೆ. ಕೀನ್ಯಾದ ಎಲ್ಡೊರೆಟ್‌ನಲ್ಲಿ ಮೋಯಿ ವಿಶ್ವವಿದ್ಯಾಲಯ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಜೊತೆಗೂಡಿ ಎಚ್‌ಐವಿ ರೋಗಿಗಳ ದಾಖಲೆ ಇಡಲು ಹೊರಟ ಕೆಲಸದಿಂದಲೇ 2004ರ ಹೊತ್ತಿಗೆ ಓಪನ್‌ಎಂಆರ್‌ಎಸ್ ಎಂಬ ಮುಕ್ತ ತಂತ್ರಾಂಶ ರೂಪುಗೊಂಡಿತು. ಆಸ್ಪತ್ರೆಯೂ ತರಗತಿಯೂ ಒಂದೇ ಊರಿನಲ್ಲಿದ್ದುದು ಅಲ್ಲಿಯ ಬಲ.

ಒಂದೇ ಜಿಲ್ಲೆಯಲ್ಲಿ ಆಸ್ಪತ್ರೆಯೂ ವಿಶ್ವವಿದ್ಯಾಲಯವೂ ಇರುವ ಅನುಕೂಲ ಬೀದರಿಗೂ ಇದೆ. ಆದರೆ ವೈದ್ಯಕೀಯ ಕಾಲೇಜಾದ ಬ್ರಿಮ್ಸ್ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದೆ. 2023ರಲ್ಲಿ ಆರಂಭವಾದ ಬೀದರ್ ವಿಶ್ವವಿದ್ಯಾಲಯ ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯಲ್ಲಿ, ಉನ್ನತ ಶಿಕ್ಷಣ ಇಲಾಖೆಯಡಿ ಇದೆ. ಆಡಳಿತ ಬೇರೆಯಾದಲ್ಲಿ ಕಡತ ನಿಧಾನ. ಸಂವಿಧಾನದ 371(ಜೆ) ವಿಧಿಯ ಆಶಯದಂತೆ ರಚನೆಯಾದ ಮಂಡಳಿಯೇ ಎರಡನ್ನೂ ಒಂದೇ ಮೇಜಿಗೆ ಕರೆಯಬೇಕು.

ಆದ್ದರಿಂದ ಎರಡೂ ಸಂಸ್ಥೆಗಳ ಒಡಂಬಡಿಕೆಯಡಿ ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ಆರಂಭಿಸಲು ಅನುದಾನ ಒದಗಿಸಬೇಕು. ಮೊದಲ ವರ್ಷದ ಹಣ ಅಧ್ಯಾಪಕರ ತರಬೇತಿಗೇ ಮೀಸಲಾಗಲಿ; ಕಲಿಸುವವರಿಲ್ಲದೆ ಪ್ರಯೋಗಾಲಯ ಕಟ್ಟುವುದು ವ್ಯರ್ಥ. ಅರ್ಧದಷ್ಟು ಸೀಟುಗಳು ಸೇವೆಯಲ್ಲಿರುವ ಶುಶ್ರೂಷಕರು, ಸಮುದಾಯ ಆರೋಗ್ಯಾಧಿಕಾರಿಗಳು ಹಾಗೂ ಡೇಟಾ ಎಂಟ್ರಿ ಆಪರೇಟರ್‌ಗಳಿಗೆ ವೇತನಸಹಿತ ರಜೆಯೊಂದಿಗೆ ಸಿಗಬೇಕು. ಭಾಲ್ಕಿ ಮತ್ತು ಔರಾದ್ ತಾಲ್ಲೂಕು ಆಸ್ಪತ್ರೆಗಳಲ್ಲೇ ಪ್ರಾಯೋಗಿಕ ಕಲಿಕೆ ನಡೆಯಬೇಕು. ರೋಗಿಯ ಒಪ್ಪಿಗೆ, ಗೋಪ್ಯತೆ ಮತ್ತು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಪಠ್ಯದಲ್ಲಿ ಕಡ್ಡಾಯವಾಗಿರಬೇಕು. ಕೋರ್ಸ್ ಮುಗಿಸಿದವರಿಗಾಗಿ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ಕಾಯಂ ಹುದ್ದೆ ಸೃಜಿಸುವಂತೆ ಮಂಡಳಿಯು ಸರ್ಕಾರಕ್ಕೆ ಶಿಫಾರಸು ಮಾಡಬೇಕೆಂದು ಕೋರಲಾಗಿದೆ.