ತೋಟದ ಗೊಬ್ಬರಕ್ಕೆ ರಸ್ತೆ ಬದೀಲಿ ಬೆಂಕಿ!

ಚನ್ನಗಿರಿ ಕಡೆಯಿಂದ ಸಂಜೆ ಬಸ್ಸಿಗೆ ಬರುವವರಿಗೆ ಈ ಮಾತು ಹೊಸದಲ್ಲ. ಅಡಿಕೆ ಕೊಯ್ಲು ಶುರುವಾಯಿತು ಅಂದರೆ ರಸ್ತೆ ಬದಿಗೆಲ್ಲ ಸಿಪ್ಪೆಯ ಗುಡ್ಡೆ. ಯಾವನೋ ಪುಣ್ಯಾತ್ಮ ಅದಕ್ಕೊಂದು ಕಡ್ಡಿ ಗೀರಿ ಹೋಗಿರುತ್ತಾನೆ. ಮೇಲೆ ಬೂದಿ, ಒಳಗೆ ಹಸಿ. ಧಗಧಗ ಉರಿಯೋದೂ ಇಲ್ಲ, ಪೂರ್ತಿ ಆರೋದೂ ಇಲ್ಲ. ದಿನಗಟ್ಟಲೆ ಬರೀ ಹೊಗೆ.

ಹೋದ ಸುಗ್ಗಿಯಲ್ಲಿ ಒಂದು ಸಂಜೆ ನಾನು ಕೂತಿದ್ದ ಬಸ್ಸಿನ ಡ್ರೈವರು ಹೊಗೆಯೊಳಗೆ ಎದುರಿನ ಬೈಕು ಕಾಣದೆ ಗಕ್ಕನೆ ಬ್ರೇಕ್ ಒತ್ತಿದ. ನಿಂತಿದ್ದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು. ಪಕ್ಕದಲ್ಲಿದ್ದ ಅಜ್ಜ ಟವೆಲ್ಲಿನಿಂದ ಮೂಗು ಮುಚ್ಚಿಕೊಂಡು ಹೇಳಿದ: "ತಮ್ಮಾ, ನಾವು ಸಣ್ಣೋರಿದ್ದಾಗ ಸಿಪ್ಪೆ ತ್ವಾಟ ಬಿಟ್ಟು ಹೊರಗೆ ಬರ್ತಿರಲಿಲ್ಲ. ಈಗ ಹೊರಗೆ ಬಂದಿದ್ದು ತಿರುಗಿ ತ್ವಾಟಕ್ಕೆ ಹೋಗಲ್ಲ."

ಅಜ್ಜ ಒಂದೇ ಮಾತಿನಲ್ಲಿ ರೋಗದ ಮೂಲ ಹಿಡಿದುಬಿಟ್ಟಿದ್ದ. ಆಗ ತೋಟದವನೇ ಕೊಯ್ಯುತ್ತಿದ್ದ, ಮನೆಯಂಗಳದಲ್ಲೇ ಸುಲಿಸುತ್ತಿದ್ದ. ಸಿಪ್ಪೆ ತಿಪ್ಪೆಗೆ ಬಿದ್ದು, ಕೊಳೆತು, ಮರದ ಬುಡಕ್ಕೇ ವಾಪಸಾಗುತ್ತಿತ್ತು. ಈಗ ಬಹಳ ಕಡೆ ಫಸಲನ್ನು ಖೇಣಿದಾರ ಹಿಡಿಯುತ್ತಾನೆ. ಕಾಯಿ ಅವನ ಖೇಣಿಮನೆಗೆ ಹೋಗುತ್ತದೆ. ಯಂತ್ರ ಗಡಗಡ ಸುಲಿಯುತ್ತದೆ. ಅಡಿಕೆ ಬೇಯಿಸಿ ಮಂಡಿಗೆ ಕಳಿಸಿದ ಮೇಲೆ ಉಳಿದ ಸಿಪ್ಪೆ ಯಾರದು? ತೋಟದವನದಲ್ಲ, ಖೇಣಿದಾರನಿಗೆ ಬೇಡ. ಹಾಗಾದರೆ ರಸ್ತೆಯದು!

ಇದು ಸಣ್ಣ ಬಾಬತ್ತಲ್ಲ ಸ್ವಾಮಿ. ಹಸಿ ಕಾಯಿಯ ತೂಕದಲ್ಲಿ ನೂರಕ್ಕೆ 60ರಿಂದ 80 ಪಾಲು ಸಿಪ್ಪೆಯೇ. 10 ಕ್ವಿಂಟಲ್ ಕಾಯಿ ತಂದು ಸುಲಿದರೆ 6ರಿಂದ 8 ಕ್ವಿಂಟಲ್ ಸಿಪ್ಪೆ ಬಿತ್ತು ಅಂತ ಲೆಕ್ಕ. ನಾವು ಅಡಿಕೆ ಬೆಳೆಯುತ್ತೇವೆ ಅಂತೀವಿ, ತೂಕ ನೋಡಿದರೆ ಸಿಪ್ಪೆಯೇ ಜಾಸ್ತಿ ಬೆಳೆಯುತ್ತೇವೆ.

ಈಗ ಗೊಬ್ಬರದಂಗಡಿ ಲೆಕ್ಕಕ್ಕೆ ಬನ್ನಿ. ಒಂದು ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಬೇಕು, ಜೊತೆಗೆ 12 ಕೆ.ಜಿ. ಹಸಿರೆಲೆ, 12 ಕೆ.ಜಿ. ಕೊಟ್ಟಿಗೆ ಗೊಬ್ಬರ ಅಂತ ತಜ್ಞರ ಶಿಫಾರಸು. ಮರ ಎಲ್ಲಕ್ಕಿಂತ ಹೆಚ್ಚು ಕೇಳೋದು ಪೊಟ್ಯಾಷ್. ಆ ಪೊಟ್ಯಾಷ್ ಚೀಲವೋ, ಹೆಚ್ಚೂಕಡಿಮೆ ಅಷ್ಟೂ ಹಡಗಿನಲ್ಲಿ ಹೊರದೇಶದಿಂದ ಬರುವಂಥದ್ದು. ಸಿಪ್ಪೆಯಲ್ಲೂ ಪೊಟ್ಯಾಷ್ ಇದೆ. ರಸ್ತೆ ಬದೀಲಿ ಸುಟ್ಟಾಗ ಸಾರಜನಕ ಹೊಗೆಯಾಗಿ ಹೋಯಿತು. ಬೂದಿಯಲ್ಲಿ ಉಳಿದ ಪೊಟ್ಯಾಷ್ ಒಂದು ಮಳೆಗೆ ಚರಂಡಿ ಸೇರಿತು. ಸಮುದ್ರದಾಚೆಯಿಂದ ದುಡ್ಡು ಕೊಟ್ಟು ತರೋದು, ಮನೆಯದ್ದಕ್ಕೆ ಬೆಂಕಿ ಇಡೋದು. ಇದ್ಯಾವ ಸೀಮೆ ಒಕ್ಕಲುತನ?

ಸಿಪ್ಪೆ ಬೇಗ ಕೊಳೆಯಲ್ಲ ಅನ್ನೋದು ರೈತರ ಮಾತು. ನಿಜ. ಅದರಲ್ಲಿ ಲಿಗ್ನಿನ್ ಅನ್ನುವ ಗಟ್ಟಿ ಅಂಶವಿದೆ, ಸಾರಜನಕ ಕಡಿಮೆ. ಒಣಸಿಪ್ಪೆಯನ್ನೇ ಗುಡ್ಡೆ ಹಾಕಿ ಕೂತರೆ ವರ್ಷ ಕಳೆದರೂ ಹಾಗೇ ಇರುತ್ತದೆ. ಅದಕ್ಕೆ ಉಪಾಯವೂ ಇದೆ. ಗುಂಡಿಯಲ್ಲಿ ಒಂದು ಪದರ ಸಿಪ್ಪೆ, ಒಂದು ಪದರ ಹಸಿರೆಲೆ, ಮೇಲೆ ಸಗಣಿ ಬಗ್ಗಡ, ತೆಳ್ಳಗೆ ಮಣ್ಣು. ತೇವ ಆರಬಾರದು, ಆಗಾಗ ಮಗುಚಬೇಕು. ಕೊಳೆಯಲು ಶುರುವಾದ ಮೇಲೆ ಎರೆಹುಳು ಬಿಟ್ಟರೆ ಉಳಿದ ಕೆಲಸ ಅದು ನೋಡಿಕೊಳ್ಳುತ್ತದೆ. ವಿಟ್ಲದ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಕೇಂದ್ರದವರು ಅಡಿಕೆ ತೋಟದ ಸೋಗೆ, ಹಾಳೆಯಿಂದ ಎರೆಗೊಬ್ಬರ ಮಾಡಿ ತೋರಿಸಿದ್ದಾರೆ, ಅಣಬೆಯನ್ನೂ ಬೆಳೆಸಿದ್ದಾರೆ. ಇದೇನು ಯಾರಿಗೂ ಗೊತ್ತಿಲ್ಲದ ಗುಟ್ಟಲ್ಲ.

ಕಸಕ್ಕೆ ಕಾಸು ಹುಟ್ಟೋದು ಸುಳ್ಳು ಅನ್ನುವವರು ಹಾಳೆಯನ್ನೇ ನೋಡಲಿ. ಹಿಂದೆ ದನಕ್ಕೆ, ಒಲೆಗೆ ಹೋಗುತ್ತಿದ್ದ ಹಾಳೆ ಈಗ ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ. ಅಂಟೂ ಬೇಡ, ಬಣ್ಣವೂ ಬೇಡ. 2022ರ ಜುಲೈ 1ರಿಂದ ಪ್ಲಾಸ್ಟಿಕ್ ತಟ್ಟೆ, ಲೋಟ ದೇಶಾದ್ಯಂತ ನಿಷೇಧವಾದ ಮೇಲಂತೂ ಮದುವೆ ಮನೆಯವರು ಇದನ್ನು ಅಂಗಡಿಯಲ್ಲಿ ಕೇಳಿ ಕೊಂಡೊಯ್ಯುತ್ತಾರೆ. ಹಾಳೆಗೆ ಬಂದ ಯೋಗ ಸಿಪ್ಪೆಗೆ ಯಾಕೆ ಬರಬಾರದು?

"ಸಿಪ್ಪೆ ವಾಪಸ್ ಹೊರೋಕೆ ಬಾಡಿಗೆ ಯಾರ್ರಿ ಕೊಡ್ತಾರೆ?" ಅಂತ ಖೇಣಿದಾರರೊಬ್ಬರು ನನ್ನನ್ನೇ ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ತೋಟದಿಂದ ಕಾಯಿ ತಂದ ಟ್ರ್ಯಾಕ್ಟರು ಮಾರನೇ ದಿನ ಅದೇ ದಾರಿಯಲ್ಲಿ ಖಾಲಿ ಟ್ರೇಲರ್ ಎಳೆದುಕೊಂಡು ಹೋಗುತ್ತದಲ್ಲ? ಅದರಲ್ಲಿ ಹೇರಿದರೆ ಹೆಚ್ಚುವರಿ ಬಾಡಿಗೆ ಎಲ್ಲಿಂದ ಬಂತು? ಹೇರುವ ಕೂಲಿ ಮಾತ್ರ. ಖೇಣಿ ಮಾತಾಡುವ ದಿನವೇ "ಸಿಪ್ಪೆ ತೋಟಕ್ಕೆ ವಾಪಸ್" ಅಂತ ತೋಟದವರು ಒಂದು ಸಾಲು ಬರೆಸಿಕೊಳ್ಳಲಿ. ಕೂಲಿ ಇಬ್ಬರೂ ಅರ್ಧರ್ಧ ಹಾಕಿಕೊಳ್ಳಲಿ. ತೋಟ ದೂರವಿದ್ದರೆ ಪಂಚಾಯಿತಿ ಊರಾಚೆ ಒಂದು ಗುಂಡಿಗೆ ಜಾಗ ತೋರಿಸಲಿ. ಆದ ಗೊಬ್ಬರ ಮಾರಿದರೆ ಪಂಚಾಯಿತಿಗೇ ಆದಾಯ.

ಕಾನೂನು ಇಲ್ಲ ಅಂತಲೂ ಅಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲಿ ಬಯಲಲ್ಲಿ ಕಸ ಸುಡಬಾರದು ಅಂತ ದೇಶಕ್ಕೆಲ್ಲ ಆದೇಶ ಮಾಡಿತು. ಸಣ್ಣದಾಗಿ ಸುಟ್ಟರೆ 5,000, ರಾಶಿಗಟ್ಟಲೆ ಸುಟ್ಟರೆ 25,000 ರೂಪಾಯಿ ದಂಡ ಅಂತಲೂ ಹೇಳಿತು. ಆದರೆ ರಾತ್ರಿ ಕಡ್ಡಿ ಗೀರಿದವನನ್ನು ಹುಡುಕುವವರು ಯಾರು? ದಂಡಕ್ಕಿಂತ ಮೊದಲು ದಾರಿ ತೋರಿಸಬೇಕು. ದಾರಿ ತೋರಿಸಿದ ಮೇಲೂ ಸುಟ್ಟರೆ ಆಮೇಲೆ ಮುಲಾಜು ಬೇಡ.

ಕೊಯ್ಲು ಶುರುವಾದ ಮೇಲೆ ಸಭೆ ಕರೆದರೆ ಪ್ರಯೋಜನವಿಲ್ಲ. ತೋಟದವರು, ಖೇಣಿದಾರರು, ಪಂಚಾಯಿತಿಯವರು ಈಗಲೇ ಒಂದು ಕಡೆ ಕೂತು ಮಾತಾಡಲಿ. ಇಲ್ಲದಿದ್ದರೆ ಮುಂದಿನ ಸುಗ್ಗಿಗೂ ಬಸ್ಸಿನಲ್ಲಿ ನಮಗೆ ಹೊಗೆ, ತೋಟದವನಿಗೆ ಗೊಬ್ಬರದ ಸಾಲ. ಡ್ರೈವರಿಗೆ ಪ್ರತಿ ಸಲವೂ ಬ್ರೇಕ್ ಸಿಗುತ್ತೆ ಅನ್ನೋ ಭರವಸೆ ಯಾರು ಕೊಡ್ತಾರೆ?